ಎಡಭುಜದ ಅರ್ಧ ಇಂಚು

ಆ ಭುಜವನ್ನು ನುಜ್ಹತ ಮೊದಲ ಸಲ ನೋಡಿದ್ದು ಶಹಾಪುರದ ಬಸ್ ನಿಲ್ದಾಣದ ಹೊರಗೆ, ಕಬ್ಬಿನ ಹಾಲಿನ ಗಾಡಿಯ ಹತ್ತಿರ. ಬಿಳಿ ಅಂಗಿ ತೊಟ್ಟ ಒಬ್ಬ ಮನುಷ್ಯ ಬೆನ್ನು ಮಾಡಿ ನಿಂತಿದ್ದ. ಬಲಗಡೆಯ ಭುಜ ನೆಟ್ಟಗಿತ್ತು. ಎಡಗಡೆಯದು ಒಂದಿಷ್ಟು ಇಳಿದಿತ್ತು, ಆ ಕಡೆಯಿಂದ ಯಾರೋ ಮೆಲ್ಲಗೆ ಮಾತಾಡಿಸಿದಾಗ ವಾಲಿ ಕೇಳಿಸಿಕೊಳ್ಳುವವರ ಹಾಗೆ. ಗಾಣದ ಗೆಜ್ಜೆ ಝಲ್ ಝಲ್ ಎನ್ನುತ್ತಿತ್ತು. ಅವಳು ಮೆಂತೆಸೊಪ್ಪಿನ ಕಟ್ಟನ್ನು ಎದೆಗೆ ಹಿಡಿದುಕೊಂಡು ನಿಂತಳು. ಆತ ಲೋಟ ಇಟ್ಟು ಈ ಕಡೆ ತಿರುಗಿದ. ನರೆತ ಮೀಸೆಯ ಯಾರೋ ಹಿರಿಯ.

ಎರಡನೆಯ ಸಲ ಸುರಪುರದಲ್ಲಿ. ತವರಿಗೆ ಹೋದವಳು ಇಳಿಜಾರಿನ ಬಜಾರಿನಲ್ಲಿ ನಡೆಯುತ್ತಿದ್ದಾಗ ಮುಂದೆ ಒಬ್ಬ ತರುಣ ಅದೇ ಭುಜ ಹೊತ್ತು ಇಳಿಯುತ್ತಿದ್ದ. ಆಮೇಲೆ ಯಾದಗಿರಿಯ ರೈಲು ನಿಲ್ದಾಣದ ಮೇಲ್ಸೇತುವೆಯ ಮೇಲೆ, ಜನರ ನಡುವೆ, ನೀಲಿ ಗೆರೆಯ ಅಂಗಿಯಲ್ಲಿ. ಆ ದಿನ ಅವಳು ರೈಲು ಹೋಗುವವರೆಗೂ ಕಂಬಿ ಹಿಡಿದು ನಿಂತಿದ್ದಳು.

ಅದು ಅಸದನ ಭುಜ. ಅಸದ ಅವಳ ಗಂಡ. ಹಿಂದಿನ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಿದ್ದ.

ಅವಳಿಗೆ ಹೆದರಿಕೆಯಾಗಲಿಲ್ಲ. ಸಂತೋಷವೂ ಆಗಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ಯಾರೋ ಕೈ ಇಟ್ಟರೆ ಎಷ್ಟು ತಿಳಿಯುತ್ತದೋ ಅಷ್ಟು ತಿಳಿಯಿತು. ಕನಸು ಹಗಲಿಗೂ ಹರಿದು ಬಂದಿದೆ, ಬರಲಿ ಎಂದುಕೊಂಡಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆ ಮಾವನ ಮುಖ ನೋಡುವುದು ಯಾರು?

ಮಾವ ದಸ್ತಗೀರಸಾಬರ ದರ್ಜಿ ಅಂಗಡಿ ಶಹಾಪುರದ ಹಳೇ ಬಜಾರಿನಲ್ಲಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಮೇಲಿನ ಕಿಟಕಿ ತೆರೆದರೆ ಊರಿನಾಚೆ ಮನುಷ್ಯನ ಹಾಗೆ ಮಲಗಿದ ಬೆಟ್ಟ ಕಾಣುತ್ತಿತ್ತು, ಹಣೆ, ಮೂಗು, ಎದೆ, ಎಲ್ಲ ನೆಮ್ಮದಿಯಾಗಿ. ಅತ್ತೆ ಗೌಹರಬೇಗಂ ಮನೆಯಲ್ಲೇ ಕೂತು ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದರು. ಮನೆಯಲ್ಲಿ ದಖನಿ ಮಾತು, ಅಂಗಡಿಯಲ್ಲಿ ಕನ್ನಡ. ಗಿರಾಕಿ ಇರಲಿ ಬಿಡಲಿ, ಮೆಟ್ಟಿಲು ಇಳಿದ ಕೂಡಲೇ ಅಪ್ಪ ಮಗ ಕೂಡ ಕನ್ನಡಕ್ಕೆ ಹೊರಳುತ್ತಿದ್ದರು. ಅದು ಆ ಅಂಗಡಿಯ ವಾಡಿಕೆ.

ಅಳತೆ ತೆಗೆಯುವುದು ಮೂರು ಊರಿನಲ್ಲಿ, ಕತ್ತರಿಸುವುದು ಒಂದೇ ಕೈ. ಶಹಾಪುರದ ಗಿರಾಕಿಗಳನ್ನು ಮಾವನೇ ಅಳೆದು ನೇರ ಬಟ್ಟೆಯ ಮೇಲೆ ಗುರುತು ಹಾಕುತ್ತಿದ್ದರು. ಸುರಪುರದಲ್ಲಿ ಸಂಬಂಧಿಕ ಶಾಕೀರ, ಯಾದಗಿರಿಯಲ್ಲಿ ಒಂದು ಅರಿವೆ ಅಂಗಡಿಯವರು ಅಳತೆ ತೆಗೆದು ಕಳಿಸುತ್ತಿದ್ದರು. ಮೊದಲು ಬಸ್ಸಿನಲ್ಲಿ ಚೀಟಿ ಬರುತ್ತಿತ್ತು. ಕಲಬುರಗಿ ವಿಶ್ವವಿದ್ಯಾಲಯದಲ್ಲಿ ನುಜ್ಹತಳ ಜೊತೆಗೇ ಓದಿದ್ದ ಅಸದ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದ. ಯಾದಗಿರಿಯಲ್ಲಿ ಬರೆದ ಅಳತೆ ಆ ಕ್ಷಣವೇ ಶಹಾಪುರದ ಕತ್ತರಿ ಮೇಜಿನ ಮೇಲಿನ ಪರದೆಯಲ್ಲಿ ಮೂಡುತ್ತಿತ್ತು. ಪ್ರೋಗ್ರಾಮಿನ ಒಳಗಿನ ಹೆಸರುಗಳನ್ನು ಅವನು ಅಪ್ಪನ ಬಾಯಿಂದಲೇ ತೆಗೆದುಕೊಂಡಿದ್ದ. ಎದೆಗೆ ಛಾತಿ, ತೋಳಿಗೆ ಆಸ್ತೀನ್, ಸೊಂಟಕ್ಕೆ ಕಮರ್, ಭುಜಕ್ಕೆ ದರ್ಜಿಗಳು ಹೇಳುವ ತೀರಾ.

ಅದರಲ್ಲಿ ಅಳತೆ ಬರೆಯುವ ಪರದೆ ನುಜ್ಹತಳ ಕೈಕೆಲಸ. ಕತ್ತರಿ ಮೇಜಿನ ಪರದೆ ಅಸದನದು. ಇಬ್ಬರದೂ ಬೇರೆ ಬೇರೆ ಪದ್ಧತಿ, ಅದಕ್ಕೇ ದಿನಾ ಜಗಳ. ಪರದೆಯ ಮೇಲಿನ ಒಂದೊಂದು ಖಾನೆಯನ್ನೂ ಒಳಗಿನ ಒಂದೊಂದು ಅಳತೆಗೆ ಕಟ್ಟಬೇಕು. ಅಸದ ಹೆಸರಿನಿಂದ ಕಟ್ಟುತ್ತಿದ್ದ. ಉದ್ಧರಣ ಚಿಹ್ನೆಯೊಳಗೆ ತೀರಾ ಎಂದು ಬರೆದರೆ ಮುಗಿಯಿತು, ಪ್ರೋಗ್ರಾಮ್ ಓಡುವಾಗ ಆ ಹೆಸರನ್ನು ಹುಡುಕಿಕೊಂಡು ಹೋಗುತ್ತದೆ. ನುಜ್ಹತ ಹೆಸರು ಬರೆಯುತ್ತಿರಲಿಲ್ಲ, ಅಳತೆಯನ್ನು ತಂದುಕೊಡುವ ಪ್ರೋಗ್ರಾಮಿನ ತುಣುಕನ್ನೇ, ಮೆಥಡ್ಡನ್ನೇ ಹಿಡಿದು ಖಾನೆಗೆ ಕಟ್ಟುತ್ತಿದ್ದಳು. ಪ್ರೋಗ್ರಾಮನ್ನು ಓಡಿಸುವ ಮೊದಲೇ ಓದಿ ತಪ್ಪು ಹಿಡಿಯುವ ಕಂಪೈಲರ್ ಅವಳ ಗಂಟುಗಳನ್ನೆಲ್ಲ ಎಳೆದು ನೋಡುತ್ತಿತ್ತು. ಉದ್ಧರಣ ಚಿಹ್ನೆಯೊಳಗೆ ಮಾತ್ರ ಅದು ಇಣುಕುವುದಿಲ್ಲ. ಅದರ ಪಾಲಿಗೆ ಅಲ್ಲಿರುವುದು ಬರೀ ಅಕ್ಷರ.

"ನಿನ್ನ ದಾರ್ಯಾಗ ಹೋದ್ರ ಒಂದು ಅಂಗಿಗೆ ಹತ್ತು ಗಜ ದಾರ ಬೇಕು" ಎಂದು ಅಸದ ನಗುತ್ತಿದ್ದ. "ಹೆಸರು ಹಿಡಿದು ಕರದ್ರ ಬರ್ಲಾರ್ದವ್ರು ಯಾರದಾರ?"

"ಹೆಸರು ಬದಲಾದವ್ರು" ಎನ್ನುತ್ತಿದ್ದಳು ಅವಳು.

ಆ ಮಾತಿಗೆ ಅವನು ಟೇಪನ್ನು ಅವಳ ಕೊರಳಿಗೆ ಹಾಕಿ ಚಹಾಕ್ಕೆ ಹೋಗುತ್ತಿದ್ದ.

*

ಸಂಕ್ರಾಂತಿ ಮುಗಿದ ಒಂದು ವಾರಕ್ಕೆ ದೋರನಹಳ್ಳಿಯ ಹಣಮಂತ್ರಾಯ ಅಂಗಡಿಗೆ ಬಂದ. ಕುರಿ ಮೇಕೆಯ ದೊಡ್ಡ ಹಿಂಡಿನ ಒಡೆಯ. ಯಾದಗಿರಿಗೆ ಹೋದಾಗ ಅಲ್ಲೇ ಅಳತೆ ಕೊಟ್ಟು ಒಂದು ನೆಹರೂ ಅಂಗಿ ಹೊಲಿಸಿದ್ದ. ಅದನ್ನೇ ತೊಟ್ಟು ಬಂದು ಮೇಜಿನ ಮುಂದೆ ನಿಂತ. ನುಜ್ಹತ ಆಗ ಮಾವನಿಗೆ ಚಹಾ ತಂದಿದ್ದಳು.

"ದಸ್ತಗೀರಸಾಬ್ರೆ, ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ನನ್ನ ಎಡಗಡಿ ಹೆಗಲ ಯಾವಾಗ ಜಾರ್ಯಾದ?"

ಮಾವ ಕನ್ನಡಕ ಏರಿಸಿ ನೋಡಿದರು.

"ಮನ್ಯಾಗ ನನ್ನ ಹೇಂತಿ ಮಲಕಮ್ಮ ನೋಡಿ ನಗಾಕತ್ತಾಳ. ಕುರಿ ಹೊತ್ತು ಹೊತ್ತು ಒಂದ್ ಕಡಿ ಬಾಗೀದಿ ಅಂತಾಳ. ನಾ ಕುರಿ ಹೊರೋದು ಬಲಗಡಿ ಹೆಗಲ ಮ್ಯಾಲ್ರಿ. ಸೊಟ್ಟ ಆಗೋದಿದ್ರ ಆ ಕಡಿ ಆಗ್ಬೇಕಿತ್ತು."

ಆತ ಬೆಳಕಿನ ಕಡೆ ಬೆನ್ನು ತಿರುಗಿಸಿದ. ಎಡಭುಜದ ಹೊಲಿಗೆ ಅರ್ಧ ಇಂಚು ಕೆಳಗಿತ್ತು. ಅದರ ಕೆಳಗೆ ಬಟ್ಟೆ ನೆರಿಗೆ ಬಿದ್ದು ಕೂತಿತ್ತು. ನುಜ್ಹತ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದಳು. ಕನಸಿಗೆ ಹೊಲಿಗೆ ಇರುವುದಿಲ್ಲ. ಇದಕ್ಕೆ ಹೊಲಿಗೆ ಇತ್ತು, ಮಾವನ ಕೈಯ ಸಣ್ಣ, ಒತ್ತಾದ ಹೊಲಿಗೆ.

ಬಿಟ್ಟು ಹೋಗಿರಿ, ಸರಿ ಮಾಡಿಸುತ್ತೇನೆ ಎಂದು ಅವಳೇ ಹೇಳಿದಳು. ಮಾವ ಇನ್ನೂ ಆ ಬೆನ್ನನ್ನೇ ನೋಡುತ್ತಿದ್ದರು.

ಮೇಲೆ ಬಂದು ಅವಳು ಲ್ಯಾಪ್‌ಟಾಪ್ ತೆರೆದಳು. ಹುಡುಕುವುದು ಕಷ್ಟವಾಗಲಿಲ್ಲ. ತಾನೇ ಮಾಡಿದ್ದು ಎದುರಿಗೇ ಇತ್ತು.

ಗಂಡ ಸತ್ತ ಮೇಲೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಈ ಪ್ರೋಗ್ರಾಮನ್ನು ತೆರೆದಿದ್ದಳು. ಛಾತಿ, ಆಸ್ತೀನ್, ತೀರಾ. ಒಂದೊಂದು ಹೆಸರೂ ಅವನ ದನಿಯಲ್ಲಿ ಕೇಳಿಸಿತ್ತು. ತಡೆಯಲಾಗದೆ ಅವುಗಳನ್ನು ಒಂದೊಂದಾಗಿ ಇಂಗ್ಲಿಷಿಗೆ ಬದಲಿಸಲು ಕೂತಳು. ಇಂಗ್ಲಿಷಿಗೆ ಯಾರ ದನಿಯೂ ಇರಲಿಲ್ಲ. ಮೊದಲು ತೀರಾ ಎಂಬುದನ್ನು ಶೋಲ್ಡರ್ ಮಾಡಿದಳು. ಪ್ರೋಗ್ರಾಮಿನ ಮೂಲೆಮೂಲೆಯಲ್ಲಿ ಹೆಸರು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಯಿತು. ಎರಡನೆಯದಕ್ಕೆ ಕೈ ಏಳಲಿಲ್ಲ. ಮುಚ್ಚಿಟ್ಟು ಮಲಗಿಬಿಟ್ಟಿದ್ದಳು.

ಅಸದನ ಪರದೆಯಲ್ಲಿ ಉದ್ಧರಣ ಚಿಹ್ನೆಯೊಳಗಿದ್ದ ಹೆಸರು ಮಾತ್ರ ಬದಲಾಗಿರಲಿಲ್ಲ. ಕಂಪೈಲರ್ ಅಲ್ಲಿ ಇಣುಕಿರಲಿಲ್ಲ. ಗಿರಾಕಿಗಳ ಭುಜದ ಅಳತೆ ಹೊಸ ಹೆಸರಿನಡಿ ಸರಿಯಾಗಿಯೇ ಕೂತಿತ್ತು. ಕತ್ತರಿ ಮೇಜಿನ ಪರದೆ ಹಳೆಯ ಹೆಸರು ಹಿಡಿದು ಕರೆಯುತ್ತಿತ್ತು, ಆ ಹೆಸರಿನವರು ಯಾರೂ ಇರಲಿಲ್ಲ.

ಯಾರೂ ಸಿಗದಿದ್ದರೆ ಏನು ಮಾಡಬೇಕೆಂದು ಅಸದ ಬರೆದಿಟ್ಟಿದ್ದ. ಶಾಕೀರನ ಅಂಗಡಿಯಲ್ಲಿ ಮೊದಲ ಸಲ ತೋರಿಸುವಾಗ ಪರದೆ ಖಾಲಿ ಬಂದು ಕೂತವರೆಲ್ಲ ನಕ್ಕಿದ್ದರು. ಆ ನಗೆ ಅವನಿಗೆ ನಾಟಿತ್ತು. ಯಾವುದಾದರೂ ಅಳತೆ ಸಿಗದಿದ್ದರೆ ಮಾದರಿಯ ಅಳತೆ ತೋರಿಸು ಎಂದು ಒಂದು ಸಾಲು ಸೇರಿಸಿದ. ಮಾದರಿಗೆ ಬೇರೆ ಮೈ ಯಾಕೆ ಎಂದು ಅಪ್ಪನ ಮುಂದೆ ತಾನೇ ನಿಂತ. ಮಾವ ಟೇಪು ಹಿಡಿದು ಒಂದೊಂದೇ ಕೂಗಿದ್ದರು. ಭುಜಕ್ಕೆ ಬಂದಾಗ, ಚಿಕ್ಕಂದಿನಿಂದ ಅರಿವೆಯ ಗಂಟು ಹೊತ್ತು ನಿನ್ನ ಎಡಗಡೆ ಅರ್ಧ ಇಂಚು ಇಳಿದಿದೆ, ಅದನ್ನೂ ಬರೆದುಕೋ ಎಂದಿದ್ದರು. ಅವನು ನಗುತ್ತ ಬರೆದಿದ್ದ.

ಹಾಗಾಗಿ ಸುರಪುರದಿಂದ, ಯಾದಗಿರಿಯಿಂದ ಬಂದ ಪ್ರತಿ ಅಂಗಿಯೂ ಎದೆಯಲ್ಲಿ ಗಿರಾಕಿಯದು, ತೋಳಿನಲ್ಲಿ ಗಿರಾಕಿಯದು, ಭುಜದಲ್ಲಿ ಅಸದನದು. ಮೂರು ಊರಿನ ಬೀದಿಯಲ್ಲಿ ಅವನು ಒಂದೊಂದು ಮೈಯ ಮೇಲೆ ಒಂದಿಷ್ಟು ನಡೆದಾಡುತ್ತಿದ್ದ.

ಅವಳು ಕಿಟಕಿಯತ್ತ ನೋಡಿದಳು. ಬೆಟ್ಟ ಮಲಗಿತ್ತು. ಕೆಳಗೆ ಕತ್ತರಿ ಬಟ್ಟೆಯನ್ನು ಸೀಳುವ ಸದ್ದು ನಿಧಾನವಾಗಿ, ದಡಕ್ಕೆ ನೀರು ಬಂದು ಬಂದು ಹೋಗುವ ಹಾಗೆ ಕೇಳಿಸುತ್ತಿತ್ತು. ಆಗ ಅವಳಿಗೆ ಹೊಳೆಯಿತು. ಮಾವ ನಲವತ್ತು ವರ್ಷ ಕತ್ತರಿ ಹಿಡಿದ ಮನುಷ್ಯ. ಅಂಗಿಯ ಮೇಲೆ ಅಂಗಿ, ಒಂದೇ ಭುಜ. ಅಬ್ಬಾಗೆ ಗೊತ್ತಿಲ್ಲದೆ ಇದ್ದೀತೇ? ಗೊತ್ತಿದ್ದೂ ಕತ್ತರಿಸುತ್ತಿದ್ದಾರೆ. ಮಗನ ಭುಜ ದಿನಾ ಒಮ್ಮೆ ಕೈಗೆ ಸಿಗುತ್ತದೆ, ಅದಕ್ಕೆ. ಅತ್ತೆಯ ಹತ್ತಿರವೂ ಅಂಗಿಗಳು ಈಚೆಗೆ ಹೆಚ್ಚು ಹೊತ್ತು ಉಳಿಯುತ್ತಿದ್ದವು. ಕಣ್ಣು ಮಂಜಾಗಿದೆ ಎಂದು ಅವರು ಹೇಳುತ್ತಿದ್ದರು.

ಈಗ ಆ ಸಾಲನ್ನು ಸರಿಪಡಿಸಿದರೆ ಅವನು ಈ ಮನೆಯಿಂದ ಎರಡನೆಯ ಸಲ ಹೋಗುತ್ತಾನೆ. ಈ ಸಲ ಅವಳ ಕೈಯಿಂದ.

*

ಶಿವಲೀಲಾ ಯಾದಗಿರಿಯ ಡಿಪ್ಲೊಮಾ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಕಲಬುರಗಿಯಲ್ಲಿ ನುಜ್ಹತ, ಅಸದ ಇಬ್ಬರಿಗೂ ಗೆಳತಿ. ನುಜ್ಹತ ಫೋನು ಮಾಡಿದ ಮರುದಿನವೇ ಬಸ್ಸು ಹತ್ತಿ ಬಂದಳು. ಗೌಹರಬೇಗಂ ಕೊಟ್ಟ ಶೀರಖುರ್ಮಾ ತಿಂದು, ಚಾಪೆಯ ಮೇಲೆ ಕಾಲು ಚಾಚಿ, ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಓದಿದಳು.

ದಾರಿ ಮೂರಿವೆ ಎಂದಳು. ಉದ್ಧರಣ ಚಿಹ್ನೆಯ ಹೆಸರುಗಳನ್ನು ಹಾಗೇ ಬಿಟ್ಟು, ದಿನಾ ಬೆಳಗ್ಗೆ ಪ್ರೋಗ್ರಾಮ್ ಶುರುವಾಗುವಾಗ ಒಂದೊಂದನ್ನೂ ಕರೆದು ಹಾಜರಿ ತೆಗೆದುಕೊಳ್ಳುವುದು ಒಂದು. ಅಸದನ ಬರವಣಿಗೆ, ಆ ಮಾದರಿಯ ಸಾಲೂ ಸೇರಿ, ಹೆಚ್ಚೂಕಡಿಮೆ ಉಳಿಯುತ್ತದೆ, ಆದರೆ ಹಾಜರಿ ತೆಗೆಯುವುದನ್ನು ಯಾರಾದರೂ ಮರೆತ ದಿನ ಕಥೆ ಮತ್ತೆ ಅಲ್ಲಿಗೇ. ಎರಡನೆಯದು, ಪ್ರತಿ ಅಳತೆಯ ಜೊತೆಗೆ ಅದರದೊಂದು ನೆರಳನ್ನು ಯಂತ್ರದಿಂದಲೇ ಬರೆಸಿ ಪರದೆಯನ್ನು ಆ ನೆರಳಿಗೆ ಕಟ್ಟುವುದು. ಕಂಪೈಲರ್ ನೆರಳನ್ನು ಓದಬಲ್ಲದು. ಆದರೆ ಮೂಲ ಬದಲಾದಾಗಲೆಲ್ಲ ನೆರಳನ್ನು ಹೊಸದಾಗಿ ಬರೆಸಬೇಕು. ಮೂರನೆಯದು ನುಜ್ಹತ ತನ್ನ ಪರದೆಯಲ್ಲಿ ಮಾಡಿದ್ದು. ಅಳತೆ ತರುವ ಮೆಥಡ್ಡನ್ನೇ ಕಟ್ಟುವುದು. ಬರೆಯುವುದು ಹೆಚ್ಚು. ಆದರೆ ಇಲ್ಲದವರನ್ನು ಕರೆಯಲು ಅಲ್ಲಿ ದಾರಿಯೇ ಇರುವುದಿಲ್ಲ.

ನುಜ್ಹತ ಅದನ್ನು ಕೆಳಗಿನ ಅಂಗಡಿಯ ಮಾತಿನಲ್ಲಿ ಮನಸ್ಸಿನೊಳಗೆ ಹೇಳಿಕೊಂಡಳು. ಒಂದು, ಬಟ್ಟೆಗೆ ಚುಚ್ಚಿದ ಚೀಟಿ, ಬಿದ್ದಿಲ್ಲವೇ ಎಂದು ದಿನಾ ನೋಡುವುದು. ಒಂದು, ಮೈಗೆ ತಕ್ಕಂತೆ ಕಾಗದದಲ್ಲಿ ಕತ್ತರಿಸಿಟ್ಟುಕೊಳ್ಳುವ ಖಾಕಾ, ಮೈ ದಪ್ಪಗಾದರೆ ಅದೂ ಹೊಸದು. ಇನ್ನೊಂದರಲ್ಲಿ ಗಿರಾಕಿ ಖುದ್ದು ಬಂದು ಟೇಪಿನ ಮುಂದೆ ನಿಂತಿರುತ್ತಾನೆ.

ಮೊದಲನೆಯದು ಸಾಕು ಎಂದಳು ಅವಳು.

ಶಿವಲೀಲಾ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದಳು. "ಅಸದನ ಸಂಗಟ ಎಲ್ಲಾರ ಮುಂದ ಇದ ಮಾತಿಗೆ ಜಗಳ ಆಡ್ದಾಕಿ ನೀನ. ಈಗ ಆತ ಇಲ್ಲ ಅಂತ ಸೋಲಾಕತ್ತೀಯೇನು?"

"ಅಬ್ಬಾನ ಸಲುವಾಗಿ."

"ಅಬ್ಬಾನ್ನ ಕೇಳೀಯೇನು?"

ಕೇಳಿರಲಿಲ್ಲ. ಶಿವಲೀಲಾ ಚಪ್ಪಲಿ ಮೆಟ್ಟುತ್ತ, ಮೆಟ್ಟಿಲ ಮೇಲೆ ನಿಂತು, ಹಣಮಂತ್ರಾಯನಂಥವರು ಇನ್ನೂ ನಾಲ್ಕು ಮಂದಿ ಬಂದರೆ ಸಾಬರ ಹೆಸರು ಮೂರು ಊರಿನಲ್ಲಿ ಕೆಡುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿ ಎಂದು ಹೇಳಿ ಹೋದಳು.

*

ಮಧ್ಯಾಹ್ನದ ಜುಹರ್ ನಮಾಜಿನ ನಂತರ ಬಜಾರು ಒಂದು ಹೊತ್ತು ಮಂಪರಿಗೆ ಜಾರುತ್ತದೆ. ಅಂಗಡಿಯ ಬಾಗಿಲಿಗೆ ಇಳಿಬಿಟ್ಟ ಬಿಳಿ ಬಟ್ಟೆಯ ಮೂಲಕ ಬಿಸಿಲು ಹಾಲಿನ ಹಾಗೆ ಒಳಗೆ ಸೋಸಿ ಬರುತ್ತಿತ್ತು. ಮಾವ ಹಣಮಂತ್ರಾಯನ ಅಂಗಿಯನ್ನು ಮೇಜಿನ ಮೇಲೆ ಹರಡಿ, ಅಂಗೈಯನ್ನು ಎಡಭುಜದ ಮೇಲೆ ಇಟ್ಟುಕೊಂಡು ಕೂತಿದ್ದರು. ಬ್ಲೇಡು ಪಕ್ಕದಲ್ಲಿತ್ತು. ಒಂದು ಹೊಲಿಗೆಯನ್ನೂ ಬಿಚ್ಚಿರಲಿಲ್ಲ.

ಅವಳು ಸ್ಟೂಲಿನ ಮೇಲೆ ಕೂತಳು.

"ಅಬ್ಬಾ, ಯಾದಗಿರಿದು, ಸುರಪುರದ್ದು, ಎಲ್ಲಾ ಅಂಗಿಗೂ ಭುಜ ಒಂದ ಬರಾಕತ್ಯಾದ."

"ಗೊತ್ತದ."

"ಯಾವಾಗಿಂದ್ರಿ?"

"ಮೊದಲನೇ ಅಂಗಿಯಿಂದ." ಅವರು ಕೈ ತೆಗೆಯಲಿಲ್ಲ. "ಚಾಕ್ ಎಳದೆ. ಗೆರಿ ಎಡಕ್ಕ ಇಳೀತು. ಆವಾಗ ಗೊತ್ತಾತು."

"ನನಗ ಹೇಳಬೇಕಿತ್ತಲ್ರಿ."

"ಏನಂತ ಹೇಳ್ಲಿ ಬೇಟಾ? ನೀನ ಬೇಕಂತ ಹಾಕೀದಿ ಅಂದ್ಕೊಂಡಿದ್ದೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಮಾವ ಮೇಲಿನ ಮನೆಯ ಕಡೆ ಗದ್ದ ಎತ್ತಿ ತೋರಿಸಿದರು. ಮೊದಲ ಅಂಗಿಯನ್ನು ಕಾಜಾಕ್ಕೆ ಕೊಟ್ಟಾಗ ಗೌಹರಬೇಗಂ ಕೂಡ ಗುರುತು ಹಿಡಿದರಂತೆ. ಹುಡುಗಿಯನ್ನು ಕೇಳಲೇ ಎಂದು ಇವರು ಎದ್ದಾಗ ಆಕೆ ಕೈ ಹಿಡಿದು ಕೂರಿಸಿದರಂತೆ. ಅವಳು ಅಳುವುದಿಲ್ಲ, ಮಾತಾಡುವುದಿಲ್ಲ, ಇದೊಂದನ್ನಾದರೂ ಮಾಡಿಕೊಂಡಿದ್ದಾಳೆ, ಬೇಡ ಎನ್ನುವುದಕ್ಕೆ ನಾವು ಯಾರು ಎಂದರಂತೆ. ಆಮೇಲೆ ಇಬ್ಬರೂ ಬಾಯಿ ಬಿಡಲಿಲ್ಲ.

"ಗಿರಾಕಿ ಅರಿವಿ ಕೆಡಿಸಿದವ ಅಲ್ಲ ನಾನು" ಎಂದರು ದಸ್ತಗೀರಸಾಬರು. "ನಿನ್ನ ಸಲುವಾಗಿ ಕೆಡಿಸಿದೆ. ಹಿಂಗ ಎಷ್ಟು ದಿನ ಅಂತ ಕೇಳಾಕ ಬಾಯಿ ಬರ್ಲಿಲ್ಲ."

"ನಾ ಹಾಕಿಲ್ರಿ ಅಬ್ಬಾ. ತಪ್ಪಿ ಆಗ್ಯಾದ. ನಿಮಗ ಬೇಕಾಗ್ಯಾದೇನೋ ಅಂತ, ತೆಗಿಯೋದೋ ಬಿಡೋದೋ ಅಂತ ನಾ ಮ್ಯಾಲ ಕುಂತಿದ್ದೆ."

ಮಾವ ಮೊದಲ ಸಲ ಅವಳತ್ತ ತಿರುಗಿದರು. ಕನ್ನಡಕದ ಹಿಂದೆ ಕಣ್ಣುಗಳು ದೊಡ್ಡದಾಗಿ ಕಂಡವು. ಆಮೇಲೆ ಅವರ ಮೀಸೆಯ ಅಂಚಿನಲ್ಲಿ ಏನೋ ಅಲುಗಿತು. ನಗೆಯೇ ಇರಬೇಕು.

"ಅಂವ ಇದ್ದಿದ್ರ" ಎಂದರು, "ನಮ್ಮ ಮೂರೂ ಮಂದೀನ್ನ ನಿಲ್ಲಿಸಿ ನಕ್ಕಿರ್ತಿದ್ದ."

ಆ ಮಾತು ಅವಳ ಎದೆಯೊಳಗೆ ಎಲ್ಲಿಗೋ ಹೋಗಿ ಮುಟ್ಟಿತು. ಕಾಲಿನ ಜೋಮು ಬಿಡುವಾಗ ಮೊದಲು ಸೂಜಿ ಸೂಜಿಯಾಗಿ ಚುಚ್ಚುತ್ತದೆ, ಹಾಗೆ. ಅವಳು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಳು. ಮಾವ ಮುಖ ಆ ಕಡೆ ಮಾಡಿ, ಇಲ್ಲದ ದಾರದ ಎಳೆಯೊಂದನ್ನು ಮೇಜಿನ ಮೇಲಿಂದ ಎತ್ತಿ ಕೆಳಗೆ ಹಾಕಿದರು. ಅಂಗಡಿಯೆಂಬುದನ್ನು ಮರೆತು, ದಖನಿಯಲ್ಲಿ, ಅತ್ತುಬಿಡು ಬೇಟಾ ಎಂದರು.

*

ಮರುದಿನ ಬೆಳಗ್ಗೆ ಅವಳು ಮೂರನೆಯ ದಾರಿ ಹಿಡಿದು ಅಸದನ ಪರದೆಯನ್ನು ಹೊಸದಾಗಿ ಕಟ್ಟಿದಳು. ಉದ್ಧರಣ ಚಿಹ್ನೆಗಳು ಒಂದೊಂದಾಗಿ ಹೋದವು. ಕಂಪೈಲರ್ ಮೊದಲು ಪುಟದ ತುಂಬ ಕೆಂಪು ಗೆರೆ ಎಳೆಯಿತು. ಇಷ್ಟು ತಿಂಗಳು ಸುಮ್ಮನಿದ್ದುದನ್ನೆಲ್ಲ ಒಂದೇ ಸಲ ಹೇಳಿದ ಹಾಗೆ. ಅವಳು ಒಂದೊಂದನ್ನೇ ಕೇಳಿ ಒಂದೊಂದನ್ನೇ ಸರಿಪಡಿಸಿದಳು. ಕೊನೆಯ ಗಂಟು ಬಿಗಿಯಾದ ಮೇಲೆ, ಯಾರೂ ಸಿಗದಿದ್ದರೆ ಮಾದರಿ ತೋರಿಸು ಎಂಬ ಅಸದನ ಸಾಲು ಬೂದು ಬಣ್ಣಕ್ಕೆ ತಿರುಗಿತು. ಇದನ್ನು ಇನ್ನು ಯಾರೂ ಕರೆಯುವುದಿಲ್ಲ ಎಂಬುದಕ್ಕೆ ಅದು ಗುರುತು.

ಅವಳು ಆ ಸಾಲನ್ನು ಅಳಿಸಿದಳು. ಮಾದರಿಯ ಅಳತೆಗಳನ್ನು ಮಾತ್ರ ಉಳಿಸಿಕೊಂಡು, ತನ್ನದೇ ಪರದೆಯಲ್ಲಿ ಹೊಸ ಗಿರಾಕಿಯೊಬ್ಬನನ್ನು ತೆರೆದು, ಅಸದ, ಶಹಾಪುರ ಎಂದು ಬರೆದು, ಅವನ ಭುಜವನ್ನು ಅವನಿಗೇ ಕೊಟ್ಟಳು.

ಇನ್ನೊಂದು ಕೆಲಸ ಉಳಿದಿತ್ತು. ಶೋಲ್ಡರ್ ಎಂಬುದರ ಮೇಲೆ ಬೆರಳಿಟ್ಟು ಅದನ್ನು ಮತ್ತೆ ತೀರಾ ಮಾಡಿದಳು. ಎರಡು ಪರದೆಯಲ್ಲೂ, ಮೂಲೆಮೂಲೆಯಲ್ಲೂ ಹೆಸರು ಬದಲಾಯಿತು. ಈ ಸಲ ಯಾರೂ ಹಿಂದೆ ಉಳಿಯಲಿಲ್ಲ. ಅವನ ದನಿ ಕೇಳಿಸಿತು. ಕೇಳಿಸಲಿ ಎಂದು ಅವಳು ಕಿವಿಗೊಟ್ಟು ಕೂತಳು.

ಶಾಕೀರನಿಗೂ ಯಾದಗಿರಿಯವರಿಗೂ ಫೋನು ಹೋಯಿತು. ಎಡಗಡೆ ಸೊಟ್ಟ ಕಂಡ ಅಂಗಿಗಳನ್ನೆಲ್ಲ ಕಳಿಸಿ, ಪುಕ್ಕಟೆ ಸರಿ ಮಾಡಿಕೊಡುತ್ತೇವೆ ಎಂದು. ಬಸ್ಸಿನ ಮೇಲೆ ಗಂಟುಗಳು ಬಂದವು. ನುಜ್ಹತ ಬಾಗಿಲ ಬಳಿ, ಬೆಳಕು ಬೀಳುವಲ್ಲಿ ಕೂತು, ಬ್ಲೇಡು ಹಿಡಿದು ಭುಜದ ಹೊಲಿಗೆಗಳನ್ನು ಬಿಚ್ಚಿದಳು. ಮಾವ ಅವುಗಳನ್ನು ಮತ್ತೆ ಹೊಲಿದರು. ಗೌಹರಬೇಗಂ ಕೆಳಗಿಳಿದು ಬಂದು, ಬಿಚ್ಚಿದ ದಾರಗಳನ್ನು ಆಯ್ದು ಆಯ್ದು ಗುಬ್ಬಿಗಳಿಗೆಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

ಹಣಮಂತ್ರಾಯ ಸಂತೆಯ ದಿನ ಬಂದ. ಅಲ್ಲೇ ಅಂಗಿ ಬದಲಿಸಿ ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದ.

"ಈಗ ಬರೋಬರಿ ಆತು ನೋಡ್ರಿ. ಇದು ನಂದು ಹೆಗಲ." ಆಮೇಲೆ ಬಟ್ಟೆಯನ್ನು ಕಣ್ಣಿನ ಹತ್ತಿರ ಎಳೆದುಕೊಂಡ. "ಇಲ್ಲಿ ಸಣ್ಣ ಸಣ್ಣ ತೂತ ಕಾಣಸ್ತಾವಲ್ರಿ?"

"ಹಳೇ ಹೊಲಿಗಿದ್ದು" ಎಂದಳು ನುಜ್ಹತ. "ನಾಕು ಸಲ ಒಗದ್ರ ಕೂಡ್ತಾವ್ರಿ."

"ಕೂಡ್ಲಿಲ್ಲಂದ್ರ?"

"ಕೂಡ್ಲಿಲ್ಲಂದ್ರ ಹಂಗ ಇರ್ತಾವ್ರಿ ಕಾಕಾ. ಅಂಗಿ ಹರಿಯಂಗಿಲ್ಲ."

ಆತ ಯೋಚಿಸಿ, ಆಗಲಿ ಎನ್ನುವಂತೆ ತಲೆ ಹಾಕಿ, ಟವಲನ್ನು ಬಲಹೆಗಲಿಗೆ ಎಸೆದುಕೊಂಡು ಹೊರಟ. ಅವಳು ಬಾಗಿಲ ಬಿಳಿ ಬಟ್ಟೆಯನ್ನು ಸರಿಸಿ ನೋಡುತ್ತ ನಿಂತಳು. ಬಜಾರಿನ ಬಿಸಿಲಿನಲ್ಲಿ ಆತ ಎರಡೂ ಭುಜ ನೆಟ್ಟಗೆ ಮಾಡಿಕೊಂಡು ನಡೆದು, ತಿರುವಿನಲ್ಲಿ ಮರೆಯಾದ. ಹಿಂದೆ ಬೆಟ್ಟ ಮಲಗಿತ್ತು. ಒಳಗಿನಿಂದ ಮಾವ ಮುಂದಿನ ಅಂಗಿಯನ್ನು ಕೇಳಿದರು.